ಮೇಷ್ಟ್ರ ಕಾರಿನ ಗಾಜಿಗೆ ಮೆಷಿನ್ ಪಾಲಿಶ್

ಅದು ೨೦೦೬ರ ಬೇಸಿಗೆ ರಜೆ. ಹೊಳೆನರಸೀಪುರದಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದ ನಾನು ನಲವತ್ತರ ಹೊಸ್ತಿಲಲ್ಲಿ ಕಾರು ಕಲಿಯುತ್ತೇನೆಂದಾಗ ಮನೆಯಲ್ಲಿ ನಗದವರಿಲ್ಲ. "ಮೊದ್ಲು ರಸ್ತೆ ಖಾಲಿ ಮಾಡಿಸ್ತೀನಿ ತಡಿ" ಎಂದರು ಯಜಮಾನರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಾರಾಯಣಯ್ಯನವರು ಮಾತ್ರ ನಗಲಿಲ್ಲ. ತಮ್ಮ ಕಾರಿನಲ್ಲೇ ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ಹಾಸನದ ರಸ್ತೆಯಲ್ಲಿ ಕಲಿಸಿದರು. ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿಯ ಮನೆಯ ಗೃಹಪ್ರವೇಶ ಬಂದಾಗ, ಸ್ವಂತ ಅಳಿಯನಿಗೂ ಕೊಡದ ಕಾರನ್ನು "ನೀನೇ ಓಡಿಸ್ಕೊಂಡು ಹೋಗಮ್ಮ" ಎಂದು ನನಗೆ ಕೊಟ್ಟರು. ನನಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಡುವ ಹೊತ್ತಿಗೆ ನಮ್ಮತ್ತೆ ತೆಂಗಿನಕಾಯಿ ಹಿಡಿದು ಅಡ್ಡ ನಿಂತರು. "ಎಂಗ್ಸು ಕಾರು ಓಡ್ಸದ್ನ ಊರೋರೆಲ್ಲ ನೋಡ್ತಾರೆ. ಕಣ್ಣು ಬೀಳದೇ ಇದ್ದಾದಾ?" ಎಂದು ಕಾರಿಗೆ ಮೂರು ಸುತ್ತು ಇಳಿ ತೆಗೆದು, ರಸ್ತೆಗೆ ಸುರಿದಿದ್ದ ಜಲ್ಲಿಯ ಮೇಲೆ ಕಾಯಿ ಕುಕ್ಕಿದರು. ಯಾವ ಜನ್ಮದ ಸಿಟ್ಟಿತ್ತೋ, ಕಾಯಿ ಹೋಳಾಗುವುದರ ಜೊತೆಗೆ ಜಲ್ಲಿಯ ಚೂರೊಂದು ಹಾರಿ ಮುಂದಿನ ಗಾಜಿಗೆ ಬಡಿಯಿತು. ಹುರುಳಿಕಾಳಿನಷ್ಟು ಗುಳಿ, ಸುತ್ತ ಮೂರು ಸಣ್ಣ ಗೀರು.

ಮೇಷ್ಟ್ರು ಒಳಗೆ ಪೂಜೆಯಲ್ಲಿದ್ದರು. ಆಗಲೇ ಹೋಗಿ ಹೇಳಬೇಕಿತ್ತು. ಗೇಟು ದಾಟುವ ಮೊದಲೇ ಹೀಗಾಯಿತಲ್ಲ, ಇವಳ ಕೈಗೆ ಕಾರು ಕೊಟ್ಟಿದ್ದೇ ತಪ್ಪು ಎಂದುಕೊಂಡಾರು ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಸ್ಟಾರ್ಟ್ ಮಾಡಿದೆ.

ಚನ್ನರಾಯಪಟ್ಟಣದ ಹೆದ್ದಾರಿ ಪಕ್ಕದಲ್ಲಿ ಕಾರಿನ ಗಾಜಿನ ಅಂಗಡಿ ಇತ್ತು. ನಡುವಯಸ್ಸಿನ ಅಂಗಡಿಯವನು ಗುಳಿಗೆ ಅಂಟಿನಂಥದ್ದೇನೋ ತುಂಬಿಸಿ, ಬಿಸಿಲಿಗೆ ಒಣಗಿಸಿ, ಹೆಚ್ಚಾದದ್ದನ್ನು ಬ್ಲೇಡಿನಲ್ಲಿ ಹೆರೆದ. ಆಮೇಲೆ ಒದ್ದೆ ಬಟ್ಟೆಗೆ ಗುಲಾಬಿ ಬಣ್ಣದ ಪುಡಿ ಹಚ್ಚಿಕೊಂಡು ಉಜ್ಜತೊಡಗಿದ. ಉಜ್ಜಿದ, ಉಜ್ಜಿದ, ಉಜ್ಜುತ್ತಲೇ ಇದ್ದ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, ಬೆರಳಿಟ್ಟು ನೋಡಿ, ನೀರು ಚಿಮುಕಿಸಿ ಮತ್ತೆ ಉಜ್ಜುವುದು. ಯಜಮಾನರು ಗಡಿಯಾರ ನೋಡುತ್ತಿದ್ದರು. ಅತ್ತೆ "ನನ್ ಮಗ್ಳು ದಾರಿ ಕಾಯ್ತಾ ಅವ್ಳೆ" ಎಂದು ಗೊಣಗುತ್ತಿದ್ದರು. ಕಾಯಿ ಕುಕ್ಕಿದವರು ತಾವೆನ್ನುವುದು ಅವರಿಗೆ ಅಷ್ಟರಲ್ಲಿ ಮರೆತೇ ಹೋಗಿತ್ತು.

ನಮ್ಮ ಜೊತೆಗೆ ಬಂದಿದ್ದ ಮೈದುನ ಲೋಕೇಶನದು ಮನೆಗಳ ನೆಲಕ್ಕೆ ಗ್ರಾನೈಟ್ ಪಾಲಿಶ್ ಹಾಕುವ ಕೆಲಸ. ಅವನು ಸುಮ್ಮನಿರಲಿಲ್ಲ. "ಇದೇನಣ್ಣ, ಹಲ್ಲುಜ್ಜಿದಂಗೆ ಉಜ್ತಾ ಕೂತಿದ್ದೀಯ? ಮಿಷಿನ್ ಇಲ್ವಾ?"

"ಮಿಷಿನ್ ಹಚ್ಚಿದ್ರೆ ಗಾಜು ಕಾಯ್ತದೆ. ಕೈಯಾದ್ರೆ ಬಿಸಿ ಆಗಿದ್ದು ಬೆರಳಿಗೆ ಗೊತ್ತಾಗ್ತದೆ, ನಿಲ್ಲಿಸ್ಬೋದು" ಎಂದ ಆತ, ತಲೆಯೆತ್ತದೆ. ಮುಕ್ಕಾಲು ಗಂಟೆಯಾದ ಮೇಲೆ ಬಟ್ಟೆ ಹಿಂಡಿ, "ಸಾಸಿವೆಯಷ್ಟು ಚುಕ್ಕೆ ಉಳೀತು ಅಕ್ಕ. ಅದನ್ನ ಹಂಗೇ ಬಿಟ್ಬಿಡಿ, ಯಾರೂ ಕೆಣಕ್ಬೇಡಿ" ಎಂದ.

ನಾದಿನಿಯ ಮನೆ ಮುಟ್ಟುವಷ್ಟರಲ್ಲಿ ಪೂಜೆ ಮುಗಿದಿತ್ತು. ನಮಗೆ ಸಿಕ್ಕಿದ್ದು ಮೂರನೆಯ ಪಂಕ್ತಿ, ಒಬ್ಬಟ್ಟಿಲ್ಲದ ಊಟ. ನನಗೋ ಕಣ್ಣು ಮುಚ್ಚಿದರೂ ತೆರೆದರೂ ಆ ಚುಕ್ಕೆಯೇ. ದಿನಾ ಬೆಳಿಗ್ಗೆ ಗಾಜು ಒರೆಸುವ ಮೇಷ್ಟ್ರ ಕಣ್ಣಿಗೆ ಅದು ಬೀಳದಿರುತ್ತದೆಯೇ? ಲೋಕೇಶ ಅದನ್ನೇ ಕಾಯುತ್ತಿದ್ದವನಂತೆ ಬಂದ. ಆ ಮನೆಯ ನೆಲಕ್ಕೆ ಪಾಲಿಶ್ ಹಾಕಿದ್ದವನೂ ಅವನೇ. ಮೆಷಿನ್ ಇನ್ನೂ ಹಿತ್ತಲಲ್ಲಿತ್ತು.

"ಎರಡೇ ನಿಮಿಷ ಅತ್ಗೆ. ಕಲ್ಲಲ್ಲೇ ಮುಖ ಕಾಣಂಗೆ ಮಾಡೋನ್ಗೆ ಇದ್ಯಾವ ಲೆಕ್ಕ?"

ಹೂಂ ಎಂದವಳು ನಾನೇ. ಅದನ್ನು ಯಾರ ತಲೆಗೂ ಕಟ್ಟುವಂತಿಲ್ಲ.

ನಡುಮಧ್ಯಾಹ್ನದ ಬಿಸಿಲಲ್ಲಿ ಗಾಜು ಮೊದಲೇ ಕಾದಿತ್ತು. ಮೆಷಿನ್ನಿಗೆ ಬಟ್ಟೆಯ ಚಕ್ರ ಸಿಕ್ಕಿಸಿ ಲೋಕೇಶ ಗುರ್ರೆಂದು ಒತ್ತಿದ. ಚುಕ್ಕೆ ಹೋಗುವ ಬದಲು ಸುತ್ತಲೂ ಬಿಲ್ಲೆಯಷ್ಟು ಅಗಲಕ್ಕೆ ಮಂಜು ಕವಿದಂತಾಯಿತು. "ಸಾಕು ನಿಲ್ಸೋ" ಎಂದೆ. "ಇರಿ ಅತ್ಗೆ, ಈಗ ಬತ್ತದೆ ನೋಡಿ ಶೈನು" ಎಂದ. ಬಂದದ್ದು ಟಕ್ ಎಂಬ ಸದ್ದು. ಚುಕ್ಕೆಯಿಂದ ಹೊರಟ ಬಿರುಕು ನಮ್ಮೆಲ್ಲರ ಕಣ್ಣೆದುರೇ ಗಾಜಿನ ಅಂಚಿನವರೆಗೆ ಓಡಿತು.

"ಗಾಜೇ ಸರಿ ಇಲ್ಲ ಕಣತ್ಗೆ" ಎಂದ ಲೋಕೇಶ. ಅತ್ತೆ ಕೈ ಮುಗಿದು, "ಇಳಿ ತೆಗ್ದಿದ್ಕೆ ಗಾಜ್ಗೋಯ್ತು. ಇಲ್ದಿದ್ರೆ ನಮ್ ತಲೆಗ್ ಬತ್ತಿತ್ತು" ಎಂದರು. ಯಜಮಾನರು "ನಾನು ಆಗ್ಲೇ ಬಸ್ಸಲ್ಲಿ ಹೋಗಣ ಅಂದಿದ್ದೆ" ಎಂದರು. ಅವರು ಹಾಗೆ ಅಂದಿರಲೇ ಇಲ್ಲ! ಮೂವರನ್ನೂ ಅಲ್ಲೇ ಬಿಟ್ಟು ಹೊರಟುಬಿಡುವಷ್ಟು ಸಿಟ್ಟು ಬಂತು.

ಸಂಜೆ ಮೇಷ್ಟ್ರು ಗೇಟಿನ ಹತ್ತಿರ ಬಂದು ಗಾಜು ನೋಡಿದರು. ದಾರಿಯುದ್ದಕ್ಕೂ ನಿಜ ಹೇಳುವುದೆಂದೇ ನಿರ್ಧರಿಸಿಕೊಂಡು ಬಂದಿದ್ದೆ. ಅವರ ಮುಖ ಕಂಡದ್ದೇ, "ಲಾರಿ ಚಕ್ರದಿಂದ ಕಲ್ಲು ಸಿಡೀತು ಸಾರ್" ಎಂಬ ಮಾತು ಬಾಯಿಂದ ಜಾರಿತು.

ಅವರು ಮಂಜಾದ ಜಾಗದ ಮೇಲೆ ನಿಧಾನವಾಗಿ ಬೆರಳಾಡಿಸಿದರು. "ಕಲ್ಲು ಇಷ್ಟು ದುಂಡಗೆ ಉಜ್ಜುತ್ತೇನಮ್ಮ?" ಎಂದರು.

ನನಗೆ ಅಳು ಬಂತು. ಎಲ್ಲವನ್ನೂ ಹೇಳಿದೆ. ಅತ್ತೆಯ ಕಾಯಿಯ ವಿಷಯಕ್ಕೆ ಅವರು ನಕ್ಕರು ಕೂಡ. "ಗಾಜು ಅಂದ್ಮೇಲೆ ಒಡೆಯುತ್ತೆ. ಬೆಳಿಗ್ಗೆನೇ ಬಂದು ಹೇಳಿದ್ರೆ ನಾನೇನು ನಿನಗೆ ಓಡ್ಸಕ್ಕೆ ಬರಲ್ಲ ಅಂತಿದ್ನಾ?" ಎಂದು ಒಳಗೆ ಹೋದರು. ಆ ವಾರವೇ ಹೊಸ ಗಾಜು ಹಾಕಿಸಿಕೊಟ್ಟೆವು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ.

ಮುಂದಿನ ತಿಂಗಳು ಅರಕಲಗೂಡಿನಲ್ಲಿ ನನ್ನ ಅಪ್ಪ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಯಜಮಾನರು ಊರಲ್ಲಿರಲಿಲ್ಲ. ಮೇಷ್ಟ್ರ ಮನೆಗೆ ಓಡಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವರು ಅಂಗಿ ತೊಟ್ಟು ಬಂದು, "ನಡಿಯಮ್ಮ, ಹೋಗಣ" ಎಂದರು. ಅಭ್ಯಾಸಬಲದಿಂದ ನಾನು ಬಲಗಡೆಯ ಬಾಗಿಲಿಗೆ ಹೋದೆ. ಅವರು ಎಡಗಡೆಯ ಬಾಗಿಲು ತೆಗೆದು ಹಿಡಿದರು, ಆಮೇಲೆ ಸುತ್ತಿ ಬಂದು ತಾವೇ ಸ್ಟೀರಿಂಗಿಗೆ ಕುಳಿತರು.

ಅಪ್ಪನನ್ನು ಹಾಸನದ ಆಸ್ಪತ್ರೆಗೆ ಸೇರಿಸುವವರೆಗೂ ಅವರು ನನ್ನ ಜೊತೆಗೇ ಇದ್ದರು. ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅತ್ತೆಯ ಮೇಲಿನ, ಲೋಕೇಶನ ಮೇಲಿನ ಸಿಟ್ಟೆಲ್ಲ ಯಾವಾಗಲೋ ಇಳಿದಿದೆ, ನನ್ನ ಮೇಲಿನದು ಇನ್ನೂ ಇಳಿದಿಲ್ಲ. ಬದುಕಿದ್ದಷ್ಟು ಕಾಲವೂ ಮೇಷ್ಟ್ರು ನಾನು ಕರೆದಾಗಲೆಲ್ಲ ಬಂದರು. ನೀನು ಓಡಿಸಮ್ಮ ಎಂದು ಮಾತ್ರ ಇನ್ನೊಮ್ಮೆ ಹೇಳಲಿಲ್ಲ.