ತಡವಾಗಿ ಬಡಿಯುವ ಹೃದಯ

ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡ ತಾತ ಏನು ಮಾಡಬೇಕು? ನಗಬೇಕು, ಇಲ್ಲವೇ ಅಳಬೇಕು. ನಮ್ಮ ಭಾವ ಎರಡೂ ಮಾಡಲಿಲ್ಲ. ಮಗುವನ್ನು ಅಕ್ಕನ ಕೈಗೆ ಕೊಟ್ಟು ಬಾಲ್ಕನಿಗೆ ಹೋಗಿ ನಿಂತುಬಿಟ್ಟರು.

ಕಳೆದ ಭಾನುವಾರ, ಬಾಗಲಗುಂಟೆಯ ಅವರ ಮನೆಯಲ್ಲಿ ನಡೆದದ್ದು. ಭಾವನಿಗೆ ಹೋದ ವರ್ಷ ಹೃದಯ ಕಸಿ ಆಗಿದೆ. (ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಗಟ್ಟಿ ಆಳು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಂತಾಗಿದ್ದರು.) ಈಗ ವಾಕಿಂಗ್ ಹೋಗುತ್ತಾರೆ. ಹೊಸ ಹೃದಯವನ್ನು ದೇಹ ತಳ್ಳಿಹಾಕದಿರಲೆಂದು ಜೀವನಪೂರ್ತಿ ಮಾತ್ರೆ, ಸೋಂಕು ತಗುಲದಿರಲೆಂದು ಮಾಸ್ಕ್. ಅಷ್ಟು ಬಿಟ್ಟರೆ ಆರಾಮ. ಹಾಗಂತ ನಾವೆಲ್ಲ ಅಂದುಕೊಂಡಿದ್ದೆವು.

ಹಿಂದೆಯೇ ಹೋದೆ. “ಏನಾಯ್ತು ಭಾವ?”

“ಎದೆ ಡವಡವ ಅನ್ನಲೇ ಇಲ್ಲ ಕಣಮ್ಮಾ. ಮಗಳು ಹುಟ್ಟಿದಾಗ ಹೆಂಗೆ ಹೊಡ್ಕೊಂಡಿತ್ತು ಗೊತ್ತಾ? ಈ ಹೃದಯಕ್ಕೆ ನಮ್ಮೋರು ಯಾರು ಅಂತಾನೇ ಗೊತ್ತಿಲ್ಲ.” ರಸ್ತೆಯ ಕಡೆ ನೋಡುತ್ತಾ ಹೇಳಿದರು: “ಪಾಪ, ಯಾವ ತಾಯಿ ಮಗನೋ. ಅಲ್ಲಿ ಅವರು ಅಳ್ತಾ ಇದ್ರು, ಇಲ್ಲಿ ನಾನು ಬದುಕ್ಕೊಂಡೆ.”

ಹೃದಯವೆಂದರೆ ಬರೀ ಪಂಪು ಎಂದು ಓದಿದವಳು ನಾನು. (ಓದಿದ್ದೆಲ್ಲ ಇಂಥ ಹೊತ್ತಿಗೆ ಬಾಯಿಗೆ ಬರುತ್ತದೆಯೇ?) ಪಕ್ಕದಲ್ಲಿ ಹೋಗಿ ನಿಂತೆ.

ಬುಧವಾರ ಹೆಬ್ಬಾಳದ ಆಸ್ಪತ್ರೆಯಲ್ಲಿ ಚೆಕಪ್. ಅಕ್ಕನ ಜೊತೆ ನಾನೂ ಹೋಗಿದ್ದೆ. ಭಾವ ಎಲ್ಲ ಆರಾಮ ಎಂದುಬಿಟ್ಟರು. ಕೊನೆಗೆ ನಾನೇ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.

ಆಕೆ ಕುರ್ಚಿ ಹತ್ತಿರ ಎಳೆದುಕೊಂಡರು. “ಸರ್, ಕಸಿ ಮಾಡುವಾಗ ಹೃದಯದ ನರಗಳ ಕನೆಕ್ಷನ್ ಕಟ್ ಆಗಿರುತ್ತೆ. ಖುಷಿಯಾದ್ರೆ ಆ ಸುದ್ದಿ ಈಗ ರಕ್ತದಲ್ಲಿ ಹರಿದು ಬರ್ಬೇಕು. ಸ್ವಲ್ಪ ಲೇಟಾಗುತ್ತೆ, ಅಷ್ಟೇ. ಪ್ರೀತಿ ಎಲ್ಲೂ ಹೋಗಿಲ್ಲ. ಇನ್ನೊಬ್ರು ಸತ್ತು ನಾನು ಬದುಕಿದೆ ಅನ್ನೋ ಸಂಕಟ ಇದೆಯಲ್ಲ, ಅದು ತುಂಬಾ ಜನಕ್ಕೆ ಇರುತ್ತೆ. ಒಬ್ರೇ ನುಂಗ್ಕೋಬೇಡಿ. ನಮ್ಮ ಕೌನ್ಸೆಲರ್ ಹತ್ರ ಮಾತಾಡಿ.”

ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ಅಂದಳು: “ಹಳೇ ಹೃದಯ ಇದ್ದಾಗ್ಲೂ ಇವರಿಗೆ ಎಲ್ಲಾ ಲೇಟೇ ಮೇಡಂ. ನಾನಂದ್ರೆ ಇಷ್ಟ ಅಂತ ಹೇಳೋಕೆ ಮದ್ವೆಯಾಗಿ ಮೂರು ವರ್ಷ ತಗೊಂಡ್ರು!”

ಭಾವ ನಕ್ಕುಬಿಟ್ಟರು. ಎಷ್ಟೋ ದಿನಗಳ ಮೇಲೆ.

ಮನೆಗೆ ಬಂದವರೇ ಕೈ ತೊಳೆದು, ಮಾಸ್ಕ್ ಸರಿಮಾಡಿಕೊಂಡು, ಮಗುವನ್ನು ಎತ್ತಿಕೊಂಡು ಕೂತರು. ಈ ಸಲ ಅವಸರವಿಲ್ಲ. ಮಗು ಅವರ ಬೆರಳು ಹಿಡಿದುಕೊಂಡಿತು. ಕೊಂಚ ಹೊತ್ತಾದ ಮೇಲೆ ಅಕ್ಕನ ಕಡೆ ತಿರುಗಿ, “ಬಂತು ಕಣೇ, ಡವಡವ” ಎಂದರು. ಕಣ್ಣುಗಳು ತುಂಬಿದ್ದವು.

ಹೃದಯ ಕೊಟ್ಟ ಮನೆಯವರ ಹೆಸರನ್ನು ಆಸ್ಪತ್ರೆಯವರು ನಮಗೆ ತಿಳಿಸಿಲ್ಲ. ಈ ಮಗುವಿಗೆ ಒಬ್ಬ ತಾತನನ್ನು ಉಳಿಸಿಕೊಟ್ಟಿರಿ ಎಂದು ಆ ತಾಯಿಗೆ ಹೇಳುವವರು ಯಾರು?