ಕೆಂಪು ಚುಕ್ಕೆ ಆರಿಸುವ ಕೋಣೆ

ಬೆಳಕನ್ನು ಒಂದಿಷ್ಟೂ ಹೊರಗೆ ಬಿಡದೆ ನುಂಗಿಸುವುದು ನನ್ನ ಸಂಶೋಧನೆ ಎಂದರೆ ಕುಶಾಲನಗರದ ಕಡೆಯ ನಮ್ಮ ನೆಂಟರು ಮೊದಲು ಗೌರವದಿಂದ ತಲೆಯಾಡಿಸುತ್ತಾರೆ. ಆಮೇಲೆ ಚಿಕ್ಕಪ್ಪ, "ಅದನ್ನ ನಮ್ಮೂರ ಲೈನ್‌ಮನ್ ಮಳೆಗಾಲ ಪೂರ್ತಿ ಪುಕ್ಕಟೆ ಮಾಡ್ತಾನಲ್ಲಮ್ಮ, ನಿಂಗ್ಯಾಕೆ ಡಾಕ್ಟರೇಟು?" ಎನ್ನುತ್ತಾನೆ. ಪ್ರತಿ ಮದುವೆಮನೆಯಲ್ಲೂ ಇದನ್ನು ಆಗಷ್ಟೇ ಹೊಳೆದ ಹಾಗೆ ಹೇಳುತ್ತಾನೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಅವನೇ ಆದ್ದರಿಂದ ನಾನೂ ಪ್ರತಿ ಸಲ ನಗುತ್ತೇನೆ.

ಮೈಸೂರಿನಲ್ಲಿ ಓದು ಮುಗಿಸಿ ಸಿದ್ದಾಪುರದ ಹತ್ತಿರದ ಒಂದು ಸಣ್ಣ ಕಾಲೇಜಿಗೆ ಭೌತಶಾಸ್ತ್ರ ಕಲಿಸಲು ಬಂದಾಗ ನನ್ನ ಗೈಡ್ ಒಂದು ಗಾಜಿನ ಚೂರು ಕೊಟ್ಟು ಕಳಿಸಿದ್ದರು. ಅದರ ಮೇಲೆ ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗಿನ ಪದರಗಳು, ಒಂದರ ಮೇಲೊಂದು. ಒಂದೇ ಲೇಸರಿನ ಬೆಳಕನ್ನು ಎರಡಾಗಿ ಸೀಳಿ ಆ ಪದರಗಳ ಮೇಲೆ ಎರಡೂ ಬದಿಯಿಂದ ಬಿಡಬೇಕು. ಎರಡು ಅಲೆಗಳೂ ಸಮವಾಗಿ, ಒಂದೇ ತಾಳದಲ್ಲಿ ಬಂದು ಸೇರಿದರೆ ಹೊರಗೆ ಹೋಗಬೇಕಾದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಬೆಳಕು ಒಳಗೇ ಸಿಕ್ಕಿಬಿದ್ದು ಪದರಗಳನ್ನು ಒಂಚೂರು ಬಿಸಿ ಮಾಡಿ ಮುಗಿದುಹೋಗುತ್ತದೆ. ತಾಳ ಒಂಚೂರು ತಪ್ಪಿತೋ, ಒಳಗೆ ಹೋದದ್ದು ಹೊರಗೆ ಬಂದು ನಿಲ್ಲುತ್ತದೆ.

ಇದಕ್ಕೆ ಬೇಕಾದದ್ದು ಒಂದು ಕತ್ತಲು ಕೋಣೆ. ಲೈಬ್ರರಿಯ ಹಿಂದೆ ಮುರಿದ ಬೆಂಚು ತುಂಬಿದ್ದ ಒಂದು ಕೋಣೆಯನ್ನು ನಾನೇ ಗುಡಿಸಿ, ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡೆ. ರಸ್ತೆಯಲ್ಲಿ ಮರದ ಲಾರಿ ಹೋದರೆ ಬೆಳಕೂ ನಡುಗುತ್ತದೆ. ಅದಕ್ಕೇ ಮೇಜಿನ ಮೇಲೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬುಗಳನ್ನಿಟ್ಟು, ಅವುಗಳ ಮೇಲೆ ಒಂದು ಕಡಪ ಕಲ್ಲು ಕೂರಿಸಿ, ಲೇಸರು, ಕನ್ನಡಿಗಳನ್ನೆಲ್ಲ ಆ ಕಲ್ಲಿನ ಮೇಲೆ ಜೋಡಿಸಿದೆ. ಮಳೆಗಾಲದಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಹಗಲೂ ರಾತ್ರಿ ಬಲ್ಬು ಉರಿಸಿದೆ. ನಮ್ಮ ಅಟೆಂಡರ್ ಅಕ್ಕ ಅದೇ ಕಪಾಟಿನಲ್ಲಿ ತನ್ನ ಸಾಕ್ಸನ್ನೂ ಒಣಗಿಸಿಕೊಂಡಳು. ನಾನು ಕಂಡೂ ಕಾಣದಂತಿದ್ದೆ.

ಆ ಕೋಣೆಯ ಮೇಲೆ ಪಿ.ಟಿ. ಮಾಸ್ಟರ ಕಣ್ಣು ಬಿತ್ತು. ಹಾಕಿ ಸ್ಟಿಕ್ಕುಗಳು ವರಾಂಡದಲ್ಲಿ ನೆನೆಯುತ್ತಿವೆ, ಕೋಣೆ ಬೇಕು ಎಂದರು. ಹಾಕಿ ಎಂದರೆ ಪ್ರಾಣ ಬಿಡುವ ಈ ಜಿಲ್ಲೆಯಲ್ಲಿ ಅದರ ಎದುರು ನಿಂತು ಗೆದ್ದವರನ್ನು ನಾನು ಕಂಡಿಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲಿ ಗೋಲ್‌ಕೀಪರನ ಎರಡು ದಪ್ಪ ಪ್ಯಾಡುಗಳು ಕೂತಿದ್ದವು, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೋಣೆ ಹೋದರೂ ಸಂಬಳ ಬರುತ್ತದೆ, ಪಾಠ ಮಾಡಿಕೊಂಡಿರಬಹುದು. ಆದರೆ ಆ ಗಾಜಿನ ಚೂರು ಹತ್ತಿಯೊಳಗೆ ಸುತ್ತಿಕೊಂಡು ಬೀರುವಿನಲ್ಲಿ ಮಲಗುತ್ತದೆ, ಅದರ ಜೊತೆ ನನ್ನ ಅರ್ಧ ಜೀವವೂ.

ನಮ್ಮಿಬ್ಬರ ಪಂಚಾಯ್ತಿ, ಕಾಲೇಜು ಕಮಿಟಿಯ ಅಧ್ಯಕ್ಷರ ಮುಂದೆ ಹೋಯಿತು. ಪಾಲಿಬೆಟ್ಟದ ಕಡೆ ಕಾಫಿ ತೋಟವಿದ್ದ ಹಿರಿಯರು. ಅವರೂ ಒಂದು ಕಾಲದಲ್ಲಿ ಹಾಕಿ ಆಡಿದವರೇ. "ನೋಡಮ್ಮ, ನಂಗೆ ಥಿಯರಿ ಎಲ್ಲ ಬೇಡ. ಕಣ್ಣಿಗೆ ಕಾಣೋ ಹಾಗೆ ತೋರ್ಸು. ತೋರ್ಸಿದ್ರೆ ರೂಮು ನಿಂದು, ಇಲ್ಲಾಂದ್ರೆ ಮಾಸ್ಟ್ರದ್ದು," ಎಂದರು. ನಾನು ತೋರಿಸಬೇಕಾಗಿದ್ದದ್ದು ಕಣ್ಣಿಗೆ ಏನೂ ಕಾಣದಿರುವುದನ್ನು. ಅದನ್ನು ಅವರಿಗೆ ಹೇಳಲು ಹೋಗಲಿಲ್ಲ.

ಒಂದು ಮಧ್ಯಾಹ್ನ ಅಧ್ಯಕ್ಷರು, ಮಾಸ್ಟರು, ಅಟೆಂಡರ್ ಅಕ್ಕ ಕೋಣೆಯೊಳಗೆ ಬಂದು ನಿಂತರು. ಅಕ್ಕನ ಕೈಯಲ್ಲಿ ಕಾಫಿ ಟ್ರೇ. ಅದಿಲ್ಲದೆ ಯಾರಿಗೂ ಏನನ್ನೂ ತೋರಿಸುವುದು ನಮ್ಮಲ್ಲಿ ಸಲ್ಲದು. ಬಾಗಿಲು ಹಾಕಿದೆ. ಗಾಜಿನ ಎರಡೂ ಬದಿಯಿಂದ ಹೊರಬರುವ ಬೆಳಕು ಬೀಳಲೆಂದು ಎರಡು ಬಿಳಿ ರಟ್ಟು ನಿಲ್ಲಿಸಿದ್ದೆ; ಎರಡರ ಮೇಲೂ ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಒಂದು ಕನ್ನಡಿಯನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂವನ್ನು ಉಸಿರು ಬಿಗಿಹಿಡಿದು ತಿರುಗಿಸಿದೆ. ಎರಡೂ ಚುಕ್ಕೆಗಳು ಒಟ್ಟಿಗೆ ಮಂಕಾದವು, ಒಟ್ಟಿಗೆ ಆರಿದವು.

ಆ ಕ್ಷಣಕ್ಕೇ ಮೂರು ಮೊಬೈಲ್ ಟಾರ್ಚುಗಳು ಹೊತ್ತಿಕೊಂಡವು.

ತಪ್ಪು ಅವರದ್ದಲ್ಲ. ಆರು ತಿಂಗಳು ಮಳೆ, ಗಾಳಿ ಬೀಸಿದರೆ ಕರೆಂಟಿಲ್ಲ, ಅಂಗಳದಾಚೆ ಆನೆ ನಿಂತಿದ್ದರೂ ನಿಂತಿದ್ದೀತು. ಇಲ್ಲಿಯವರಿಗೆ ಏನಾದರೂ ಆರಿದರೆ ಕೈ ತಾನಾಗಿಯೇ ಟಾರ್ಚಿಗೆ ಹೋಗುತ್ತದೆ. ಅಕ್ಕನಂತೂ ಟ್ರೇ ಕೆಳಗಿಟ್ಟು, "ಎಲ್ಲಿ ಬಿತ್ತು ಮೇಡಂ?" ಎನ್ನುತ್ತಾ ಮೇಜಿನ ಕೆಳಗೆ ಚುಕ್ಕೆ ಹುಡುಕಲು ಬಗ್ಗಿದಳು. ಅವಳ ಭುಜ ಕಲ್ಲಿಗೆ ತಾಗಿತು. ಚುಕ್ಕೆಗಳು ಪಳಕ್ಕನೆ ವಾಪಸ್ ಬಂದವು.

"ಸಿಕ್ತು ಸಿಕ್ತು!" ಎಂದಳು ಅಕ್ಕ.

ಮಾಸ್ಟರು ತೃಪ್ತಿಯಿಂದ ಗಂಟಲು ಸರಿಮಾಡಿಕೊಂಡರು. "ಸರ್, ತಾಗಿದ್ರೆ ಹೋಗ್ತದೆ, ತಾಗಿದ್ರೆ ಬರ್ತದೆ. ಇದು ಲೂಸ್ ಕನೆಕ್ಷನ್. ನಮ್ಮ ಮನೆ ಮಿಕ್ಸಿಗೂ ಹೀಗೇ ಉಂಟು."

ಅಧ್ಯಕ್ಷರು ಹೂಂ ಎಂದರು. ಆ ಹೂಂ ನನಗೆ ಹಿಡಿಸಲಿಲ್ಲ. ಇನ್ನೊಂದು ಅವಕಾಶ ಕೇಳಿ, ಎಲ್ಲರ ಮೊಬೈಲನ್ನೂ ಕಿತ್ತುಕೊಂಡು ಲೈಬ್ರರಿಯ ಮೇಜಿನ ಮೇಲಿಟ್ಟು ಬಂದೆ. ಪರೀಕ್ಷಾ ಕೊಠಡಿಯಲ್ಲೂ ನಾನು ಅಷ್ಟು ಕಟ್ಟುನಿಟ್ಟಾಗಿ ನಡೆದುಕೊಂಡದ್ದಿಲ್ಲ. ಯಾರೂ ಅಲುಗಾಡಬಾರದು ಎಂದು ಹೇಳಿ ಸ್ಕ್ರೂ ಮುಟ್ಟಿದೆ. ಚುಕ್ಕೆಗಳು ಇನ್ನೇನು ಮಂಕಾಗಬೇಕು, ಅಷ್ಟರಲ್ಲಿ ಇಡೀ ಕೋಣೆ ಗವ್ವೆಂದು ಕಪ್ಪಾಯಿತು.

"ಭಲೇ!" ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು. "ಕಪಾಟಿನ ಬಲ್ಬನ್ನೂ ನುಂಗಿಬಿಟ್ಟಿತಲ್ಲ! ರೂಮು ನಿಂದೇ ಕಣಮ್ಮ!"

ಕಪಾಟಿನ ಬಲ್ಬು ಆರಿದ್ದು ಯಾಕೆಂದು ನನಗೆ ಗೊತ್ತಿತ್ತು. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಮಾಸ್ಟರೂ ಕತ್ತಲಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಚಿಕ್ಕಪ್ಪನ ಮಾತಿಗೆ ಇಷ್ಟು ವರ್ಷ ಹೋಳಿಗೆಯ ಆಸೆಗೆ ನಕ್ಕವಳಿಗೆ, ಲೈನ್‌ಮನ್ನನ ಕೆಲಸಕ್ಕೆ ನಾನೇ ಬಹುಮಾನ ತೆಗೆದುಕೊಳ್ಳುವುದು ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

"ಸರ್, ಇದು ನಂದಲ್ಲ. ಕರೆಂಟ್ ಹೋಗಿದೆ," ಎಂದೆ.

ಚಪ್ಪಾಳೆ ನಿಂತಿತು. ಕೈಯಲ್ಲಿ ಟಾರ್ಚಿಲ್ಲ, ಬಾಗಿಲಿನ ದಾರಿಯಲ್ಲಿ ಎಲ್ಲೋ ಕಾಫಿ ಟ್ರೇ. ಯಾರೂ ಅಲುಗಾಡಲಿಲ್ಲ, ನನಗೆ ಬೇಕಿದ್ದದ್ದು ಕೊನೆಗೂ ಸಿಕ್ಕಿತ್ತು, ಆದರೆ ಲೇಸರೇ ಇರಲಿಲ್ಲ.

"ಅಲ್ಲಮ್ಮ," ಅಧ್ಯಕ್ಷರ ದನಿ ಕೇಳಿತು, "ನೀನು ಬಾಯಿ ಮುಚ್ಕೊಂಡಿದ್ದಿದ್ರೆ ನಮಗೆಂತ ಗೊತ್ತಾಗ್ತಿತ್ತು?"

"ಈ ಚಪ್ಪಾಳೆ ನಾನು ತಗೊಂಡ್ರೆ ಆಮೇಲೆ ಕರೆಂಟ್ ಹೋದಾಗೆಲ್ಲ ಊರವರು ನನ್ನನ್ನೇ ಬೈತಾರೆ ಸರ್."

ಅವರು ನಗಲಿಲ್ಲ. "ಹಾಗಾದ್ರೆ ನಿನ್ನ ಕತ್ತಲಿಗೂ ಈ ಕತ್ತಲಿಗೂ ಎಂತ ವ್ಯತ್ಯಾಸ?"

"ಈಗ ಬೆಳಕು ಬರ್ತಾನೇ ಇಲ್ಲ. ನನ್ನ ಕತ್ತಲಲ್ಲಿ ಎರಡೂ ಕಡೆಯಿಂದ ಬರ್ತಾನೇ ಇರುತ್ತೆ ಸರ್, ವಾಪಸ್ ಹೋಗೋದಿಲ್ಲ ಅಷ್ಟೇ." ಕೋಣೆ ಕೈತಪ್ಪಿತು ಎಂದೇ ಅಂದುಕೊಂಡಿದ್ದೆ.

ಕರೆಂಟು ಬಂತು. ಲೇಸರ್ ಸುಧಾರಿಸಿಕೊಳ್ಳುವವರೆಗೆ ಎಲ್ಲರೂ ಆರಿದ ಕಾಫಿ ಕುಡಿದರು. ಮೂರನೇ ಸಲ ಸ್ಕ್ರೂ ತಿರುಗಿಸಿದೆ. ಚುಕ್ಕೆಗಳು ಆರಿದವು, ಕಪಾಟಿನ ಸಂದಿಯಲ್ಲಿ ಬಲ್ಬು ಮಾತ್ರ ಉರಿಯುತ್ತಲೇ ಇತ್ತು.

"ಲೂಸ್ ಕನೆಕ್ಷನ್ನೇ ಸರ್," ಎಂದರು ಮಾಸ್ಟರು.

"ಹಾಗಿದ್ರೆ ಬನ್ನಿ ಮಾಸ್ಟ್ರೇ, ಈ ಬದಿಯ ಬೆಳಕಿಗೆ ಕೈ ಅಡ್ಡ ಹಿಡೀರಿ. ಕಲ್ಲು ಮುಟ್ಟಬೇಡಿ. ಕೈ ಅಷ್ಟೇ," ಎಂದೆ.

ಅವರು ನನ್ನ ಸುಳ್ಳು ಹಿಡಿಯುವ ಉತ್ಸಾಹದಿಂದಲೇ ಬಂದು ಅಂಗೈ ಚಾಚಿದರು. ಅಂಗೈ ಮೇಲೆ ಕೆಂಪು ಬೆಳಕು ಬಿತ್ತು. ಅದೇ ಕ್ಷಣ ಎರಡೂ ರಟ್ಟಿನ ಮೇಲೆ ಚುಕ್ಕೆಗಳು ಹೊಳೆದವು. ಒಂದೇ ಕಡೆಯ ಬೆಳಕನ್ನು ಆ ಪದರಗಳು ಪೂರ್ತಿ ನುಂಗಲಾರವು. ಎದುರಿನಿಂದ ಜೊತೆಯ ಬೆಳಕು ಬರದಿದ್ದರೆ ಅದು ತಪ್ಪಿಸಿಕೊಂಡು ಎರಡೂ ಕಡೆಗೆ ಓಡುತ್ತದೆ. ಮಾಸ್ಟರು ಕೈ ಹಿಂದಕ್ಕೆಳೆದರು. ಆರಿತು. ಮತ್ತೆ ಇಟ್ಟರು. ಹೊಳೆಯಿತು.

"ಅಡ್ಡ ಹಿಡಿದ್ರೆ ಬರ್ತದೆ, ಬಿಟ್ಟರೆ ಹೋಗ್ತದೆ," ಎಂದರು ಮೆಲ್ಲಗೆ. ಮಿಕ್ಸಿಯ ಮಾತು ಬರಲಿಲ್ಲ.

ಮತ್ತೆ ಇಟ್ಟರು, ಮತ್ತೆ ತೆಗೆದರು. ಮೈದಾನದಲ್ಲಿ ಇಡೀ ತಂಡವನ್ನು ನಡುಗಿಸುವ ಆ ಮನುಷ್ಯ ಬಾಯಿ ಅರ್ಧ ತೆರೆದುಕೊಂಡು ತನ್ನ ಅಂಗೈಯನ್ನೇ ನೋಡುತ್ತಿದ್ದರು. ಅವರ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ ತಿಳಿಯಲಿಲ್ಲ. ಮೈಸೂರಿನಲ್ಲಿ ಮೊದಲ ಸಲ ಕೈ ಇಟ್ಟ ದಿನ ನಾನೂ ಹೀಗೇ ನಿಂತಿದ್ದೆ.

ಅಧ್ಯಕ್ಷರು ಕೆಮ್ಮಿದರು. "ಎಂತ ಮಾಸ್ಟ್ರೇ, ರೂಮಿನ ವಿಷಯ ಎಂತ ಮಾಡುವ?"

ಮಾಸ್ಟರು ಕೈ ತೆಗೆಯದೆ, ತಿರುಗಿಯೂ ನೋಡದೆ ಹೇಳಿದರು: "ಸ್ವಲ್ಪ ನಿಲ್ಲಿ ಸರ್. ಹುಡುಗರನ್ನ ಕರ್ಕೊಂಡು ಬಂದು ತೋರಿಸ್ಬೇಕು. ಸ್ಟಿಕ್ಕು ನೆನೆದ್ರೆ ನೆನೀಲಿ."