ಅರ್ಧ ಬಕೆಟ್ ಕಲ್ಲಿದ್ದಲು

ಕ್ಲೆಮ್ ಓಲ್ಡ್‌ರಾಯ್ಡ್‌ನ ಎದೆಯಲ್ಲಿ ಇರುವುದು ಕಲ್ಲು ಎಂದು ಯಾರ್ಕ್‌ಶೈರಿನ ನಮ್ಮ ಊರಿನಲ್ಲಿ ಹೇಳುತ್ತಾರೆ. ಗ್ಯಾಸ್ ಅಗ್ಗಿಷ್ಟಿಕೆ ಸ್ವಚ್ಛ ಮಾಡಲು ಬಂದವನು ಮೊದಲು ಮನೆಯಲ್ಲಿ ಅಡಗಿಸಿಟ್ಟ ಕಲ್ಲಿದ್ದಲನ್ನೆಲ್ಲ ಹುಡುಕಿ ತನ್ನ ವ್ಯಾನಿಗೆ ತುಂಬುತ್ತಾನೆ. ಆಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುವುದು. ಮುದುಕಿಯರು ಕಣ್ಣೀರಿಟ್ಟರೂ ಕರಗುವ ಆಸಾಮಿಯಲ್ಲ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಅವನು ಮೊದಲಿನಿಂದ ಹೀಗಿದ್ದವನಲ್ಲ.

ಗಣಿ ನಡೆಯುತ್ತಿದ್ದಾಗ ಪ್ರತಿ ಕಾರ್ಮಿಕನ ಬಾಗಿಲಿಗೂ ಕಂಪನಿಯ ಕಲ್ಲಿದ್ದಲು ಬಂದು ಬೀಳುತ್ತಿತ್ತು. ಗಣಿ ಮುಚ್ಚಿತು, ಕಲ್ಲಿದ್ದಲು ನಿಂತಿತು, ಮನೆಮನೆಗೂ ಗ್ಯಾಸ್ ಬಂತು. ಅಗ್ಗಿಷ್ಟಿಕೆಯ ಹಳೆಯ ಗೂಡಿನಲ್ಲೇ ಗ್ಯಾಸಿನ ಉರಿ, ಉರಿಯ ಮೇಲೆ ನೋಡುವ ಚೆಂದಕ್ಕೆ ಸುಟ್ಟ ಮಣ್ಣಿನ ಸುಳ್ಳು ಕಲ್ಲಿದ್ದಲು. ಇಪ್ಪತ್ತು ವರ್ಷ ನೆಲದಡಿ ದುಡಿದಿದ್ದ ಕ್ಲೆಮ್ ಈ ಹೊಸ ಕೆಲಸ ಕಲಿತ. ಹೊಟ್ಟೆ ಕೇಳಬೇಕಲ್ಲ.

ಒಂದು ನವೆಂಬರಿನಲ್ಲಿ ಒಲೆ ಸ್ವಚ್ಛ ಮಾಡಲು ಬೆರಿಲ್ ಮನೆಗೆ ಹೋದ. ಬೆರಿಲ್ ಎಂದರೆ ವಿಲ್ಫನ ಹೆಂಡತಿ. ಗಣಿಯಲ್ಲಿ ಕ್ಲೆಮ್‌ನ ಪಕ್ಕದಲ್ಲೇ ಕಲ್ಲಿದ್ದಲು ಕಡಿಯುತ್ತಿದ್ದ ವಿಲ್ಫ್, ಎದೆಯಲ್ಲಿ ಗಣಿಯ ಧೂಳು ತುಂಬಿಕೊಂಡು ಹಿಂದಿನ ವರ್ಷ ಸತ್ತಿದ್ದ. ಕ್ಲೆಮ್ ಗ್ಯಾಸ್ ನಿಲ್ಲಿಸಿ ಮಣ್ಣಿನ ಉಂಡೆಗಳನ್ನು ಒಂದೊಂದಾಗಿ ಎತ್ತಿ, ಇದ್ದ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಇಟ್ಟ. ಕ್ರಮ ತಪ್ಪಿದರೆ ಉರಿ ಉಸಿರುಗಟ್ಟಿ ಮಸಿ ಕಾರುತ್ತದೆ. ಕೆಳಗೆ ನೋಡಿದರೆ ಬೂದಿ. ಗ್ಯಾಸಿನ ತೂತುಗಳೆಲ್ಲ ಮಸಿ ಹಿಡಿದು ಮುಚ್ಚಿವೆ. ಗ್ಯಾಸ್ ಒಲೆಯಲ್ಲಿ ಬೂದಿ ಎಲ್ಲಿಂದ ಬರಬೇಕು?

“ಬೆರಿಲ್, ಇದಕ್ಕೆ ಏನ್ ಹಾಕ್ತಿದೀಯಾ?”

“ಏನಿಲ್ಲ ಕಣೋ. ಭಾನುವಾರಕ್ಕೆ ಒಂದು ಉಂಡೆ, ಮೊಟ್ಟೆ ಗಾತ್ರದ್ದು. ನಮ್ಮ ಗಣಿದು, ಕೊನೇ ಲೋಡಿಂದು.” ಅವಳು ಕುರ್ಚಿಯ ಹಿಂದಿನಿಂದ ಬಕೆಟ್ ಎಳೆದಳು. ಅರ್ಧ ತುಂಬಿತ್ತು. “ನಿನ್ನ ಗ್ಯಾಸಿಗೆ ವಾಸನೇನೇ ಇಲ್ಲ. ಇದು ಹಾಕಿದ್ರೆ ಅವನು ಪಾಳಿ ಮುಗಿಸ್ಕೊಂಡು ಬಂದು ಕೂತಂಗಿರುತ್ತೆ.”

ಗೋಡೆಯ ಕೆಳಗಿನ ಗಾಳಿಕಿಂಡಿಗೆ ವಿಲ್ಫನ ದಪ್ಪ ಉಣ್ಣೆ ಕಾಲುಚೀಲ ತುರುಕಿತ್ತು. ಕ್ಲೆಮ್ ಅದನ್ನು ಎಳೆದು ತೆಗೆದ.

“ತಣ್ಣನೆ ಗಾಳಿ ಬಂದು ಕಾಲು ಮರಗಟ್ಟುತ್ತೆ ಮಾರಾಯ.”

“ಮರಗಟ್ಲಿ. ಮಸಿ ಕಟ್ಟಿದ್ರೆ ಉರಿ ವಿಷಗಾಳಿ ಬಿಡುತ್ತೆ, ಕಿಂಡಿ ಮುಚ್ಚಿದ್ರೆ ಅದು ಒಳಗೇ ನಿಲ್ಲುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಗಣಿಯವನ ಹೆಂಡ್ತಿಗೆ ನಾನ್ ಹೇಳ್ಬೇಕಾ?”

ಕ್ಲೆಮ್ ಬ್ರಷ್ಷಿನಿಂದ ಮಸಿ ಉಜ್ಜಿ, ಸಣ್ಣ ತಂತಿಯಿಂದ ತೂತುಗಳನ್ನು ಬಿಡಿಸಿ, ಉಂಡೆಗಳನ್ನು ಜಾಗಕ್ಕೆ ಜೋಡಿಸಿದ. ಉರಿ ಹಚ್ಚಿ ಕಾದು, ಗೂಡಿನ ಬಾಯಿಗೆ ಹೊಗೆಕಡ್ಡಿ ಹಿಡಿದ. ಹೊಗೆ ನೆಟ್ಟಗೆ ಚಿಮಣಿಗೆ ಏರಿತು. ಒಲೆ ಸರಿಯಾಗಿತ್ತು.

ಹೊರಡುವಾಗ ಬೆರಿಲ್ ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಿಗೆ ತಂದಳು. “ಇದನ್ನ ತಗೊಂಡ್ ಹೋಗ್ಬಿಡು ಕ್ಲೆಮ್. ಕಣ್ಮುಂದೆ ಇದ್ರೆ ನನ್ನ ಕೈ ಸುಮ್ನಿರಲ್ಲ.”

ಕ್ಲೆಮ್ ಬಕೆಟ್ಟಿನೊಳಗೆ ನೋಡಿದ. ಅದೇ ಹೊಳಪು, ಅದೇ ಪದರ. ವಿಲ್ಫನ ಕೆಮ್ಮು ಕೇಳಿದಂತಾಗಿ ಅವನು ಬಕೆಟ್ಟನ್ನು ಅವಳ ಕಡೆಗೇ ತಳ್ಳಿದ.

“ಬೇಡ, ಇರ್ಲಿ ಇಟ್ಕೋ. ವಿಲ್ಫನ ಸೊತ್ತು ನಾನ್ಯಾಕೆ ಒಯ್ಯಲಿ? ಹಾಕ್ಬೇಡ ಅಷ್ಟೆ. ನೀನೇನು ಸಣ್ಣ ಮಗುವಾ?”

“ಅಲ್ಲ ಬಿಡು,” ಎಂದು ಅವಳು ನಕ್ಕಳು. ಬಕೆಟ್ ಮತ್ತೆ ಕುರ್ಚಿಯ ಹಿಂದೆ ಹೋಯಿತು.

ಜನವರಿಯಲ್ಲಿ ಹತ್ತು ದಿನ ಹಿಮ ಸುರಿಯಿತು. ಒಂದು ಸೋಮವಾರ ಬೆಳಿಗ್ಗೆ ಹಾಲಿನ ಬಾಟಲಿ ಮೆಟ್ಟಿಲ ಮೇಲೇ ಉಳಿದದ್ದು ಕಂಡು ಪಕ್ಕದ ಮನೆಯವಳು ಬಾಗಿಲು ತಟ್ಟಿ, ತೆರೆದು ನೋಡಿದಳು. ಬೆರಿಲ್ ಕುರ್ಚಿಯಲ್ಲೇ ಸತ್ತು ಕೂತಿದ್ದಳು, ವಿಷಗಾಳಿಗೆ ಕೆನ್ನೆ ಕೆಂಪಗೆ, ಬದುಕಿದವರಿಗಿಂತ ಚೆನ್ನಾಗಿ. ಕಿಂಡಿಯಲ್ಲಿ ಕಾಲುಚೀಲವಿತ್ತು. ಹಳದಿಯಾಗಿ ಉರಿಯುತ್ತಿದ್ದ ಒಲೆಯ ಹಿಂಗೋಡೆ ಪೂರ್ತಿ ಮಸಿ. ಬಕೆಟ್ಟಿನಲ್ಲಿ ಎರಡೇ ಉಂಡೆ ಉಳಿದಿದ್ದವು.

ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಕ್ಲೆಮ್‌ನನ್ನು ಕೇಳಿದ: “ಕಲ್ಲಿದ್ದಲು ಹಾಕಬಾರದು, ಕಿಂಡಿ ಮುಚ್ಚಬಾರದು ಅಂತ ಅವರಿಗೆ ಹೇಳಿದ್ರಾ?”

“ಹೇಳಿದ್ದೆ ಸಾರ್.”

“ಹಾಗಾದ್ರೆ ನಿಮ್ಮ ತಪ್ಪೇನಿಲ್ಲ.”

ಬಕೆಟ್ಟಿನ ಮಾತನ್ನು ಅವರು ಕೇಳಲಿಲ್ಲ. ಇವನೂ ಎತ್ತಲಿಲ್ಲ. ಹೇಡಿತನ ಎಂದರೆ ಹೇಡಿತನವೇ. ಅದನ್ನು ಅವನೇ ಒಂದು ಸಂಜೆ ಬಿಯರ್ ಲೋಟದ ಮುಂದೆ ಕೂತು ನನಗೆ ಹೇಳಿದ.

ಹೊರಗೆ ಬೆರಿಲ್‌ಳ ಮಗಳು ಜಾನಿಸ್ ಕಾಯುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಅವನ ಕೈ ಹಿಡಿದುಕೊಂಡಳು.

“ಕ್ಲೆಮ್ ಮಾಮ, ನೀನು ಬಕೆಟ್ ಬಿಟ್ಟು ಹೋದೆ ಅಂತ ಅಮ್ಮ ಹೇಳಿದ್ಳು. ಬೇರೆ ಯಾರೇ ಆಗಿದ್ರೂ ಬಕೆಟ್ ಕಿತ್ಕೊಂಡು ಹೋಗಿರೋರು. ನೀನು ಅಪ್ಪನ್ನ ಅಮ್ಮನ ಹತ್ರಾನೇ ಬಿಟ್ಟೆ. ಕೊನೇಲಿ ಅವಳು ಒಂಟಿ ಆಗ್ಲಿಲ್ಲ. ನಿನ್ನ ಉಪಕಾರ ಮರೆಯಲ್ಲ.”

ಅವಳೇ ಕೊಡೋಕೆ ಬಂದಿದ್ಳು ಕಣಮ್ಮಾ, ನಾನೇ ಬೇಡ ಅಂದೆ. ಹೀಗೆಂದು ಹೇಳಬೇಕಿತ್ತು; ಅವನು ಬರೀ ತಲೆಯಾಡಿಸಿದ.

ಜಾನಿಸ್ ಕಾರಿನಿಂದ ಬಕೆಟ್ ತೆಗೆದು ಚಾಚಿದಳು. ತಳದಲ್ಲಿ ಎರಡು ಉಂಡೆ. “ಇದು ನಿನ್ ಹತ್ರ ಇರ್ಲಿ ಮಾಮ. ಬೇಡ ಅನ್ಬೇಡ.”

ಕ್ಲೆಮ್ ಬೇಡ ಎನ್ನಲಿಲ್ಲ. ಬಕೆಟ್ ಹಿಡಿದುಕೊಂಡು ವ್ಯಾನಿನ ಕಡೆಗೆ ನಡೆದ.